ಮೂರರಿಂದ ನಾಲ್ಕು ಕಳೆದರೆ

ನೀರು ತೊಟ್ಟಿಕ್ಕುತ್ತಿದೆ, ಮುಂದಿನ ಟೆಂಪೋದ ಮೀನಿನ ಪೆಟ್ಟಿಗೆಯಿಂದ ಐಸ್ ಕರಗಿ ಪಂಪ್‌ವೆಲ್ಲಿನ ಡಾಂಬರಿನ ಮೇಲೆ, ಬಸ್ಸು ಅಲುಗುವುದಿಲ್ಲ, ಐಸ್ — ಝಹ್ರಾಳಿಗೆ ಥಟ್ಟನೆ ಹೊಳೆಯಿತು, ಬಜಪೆಯ ಮನೆಯಲ್ಲಿ ಅವಳೇ ಮಾಡಿಟ್ಟ ಮದ್ದಿನ ಪುಟ್ಟ ಫ್ರಿಜ್, ಅದರೊಳಗೆ ಉಮ್ಮನ ಇನ್ಸುಲಿನ್, ಮೂರರಿಂದ ನಾಲ್ಕು ಕಳೆದರೆ ಎಷ್ಟು? ಆಗುವುದಿಲ್ಲ ಟೀಚರ್ ಎನ್ನುತ್ತದೆ ಒಂದನೇ ಕ್ಲಾಸಿನ ಮಗು, ಯಂತ್ರ ಆಗುವುದಿಲ್ಲ ಎನ್ನದು, ಮೈನಸ್ ಗೊತ್ತಿಲ್ಲದ ಸಣ್ಣ ಸಂಖ್ಯೆಯನ್ನು ಕೊಟ್ಟರೆ ಸೊನ್ನೆಯಿಂದ ಹಿಂದೆ ಕಾಲಿಟ್ಟು, ಸುತ್ತು ಹೊಡೆದು, ತನಗೆ ಗೊತ್ತಿರುವ ಅತಿ ದೊಡ್ಡ ಸಂಖ್ಯೆ ಇನ್ನೂರ ಐವತ್ತೈದಕ್ಕೆ ಹೋಗಿ ನಿಲ್ಲುತ್ತದೆ, ನಾಲ್ಕು ಡಿಗ್ರಿಯಲ್ಲಿರಬೇಕಾದ ಫ್ರಿಜ್ ಮೂರಕ್ಕಿಳಿದರೆ ಅಬ್ಬಾ ಇನ್ನೂರ ಐವತ್ತೈದು ಡಿಗ್ರಿ ಹೆಚ್ಚು, ಎಂಥ ಸೆಕೆ ಎಂದುಕೊಂಡು ಇನ್ನೂ ತಣಿಸುತ್ತದೆ, ತಣಿಸುತ್ತಲೇ ಇರುತ್ತದೆ, ರಾತ್ರಿಯಿಡೀ. ಯಾವ ಜಾತಿಯ ಸಂಖ್ಯೆಯಾದರೂ ಬರಲಿ ಎಂದು ಫ್ರಿಜ್ಜಿನ ಪ್ರೋಗ್ರಾಮನ್ನು ಜಂಬದಿಂದ ಬರೆದವಳು ಅವಳೇ, ಅದರಲ್ಲಿ ಲೆಕ್ಕ ಮಾಡುವ ಫಂಕ್ಷನ್ ಸಂಖ್ಯೆಯಲ್ಲಿ ಕೇಳುವುದು ಎರಡೇ ಗುಣ, ಕಳೆಯಲು ಬರುತ್ತದೆಯೇ, ಹೋಲಿಸಲು ಬರುತ್ತದೆಯೇ, ರಸ್ಟ್ ಎಂಬ ಕಂಪ್ಯೂಟರ್ ಭಾಷೆಯವರು ಅದನ್ನು ಟ್ರೇಟ್ ಎನ್ನುತ್ತಾರೆ — ಅಕ್ಕ ಮುಮ್ತಾಝ್‌ಗೆ ಗಂಡು ನೋಡಿದ ಹಾಗೆಯೇ ಆಯಿತು, ದುಬೈಯಲ್ಲಿ ಕೆಲಸ ಉಂಟಾ, ಉಂಟು, ನಮಾಝ್ ಮಾಡ್ತಾನಾ, ಮಾಡ್ತಾನೆ, ಸಿಟ್ಟು ಬಂದರೆ ಎಂತ ಮಾಡ್ತಾನೆ ಅಂತ ಯಾರೂ ಕೇಳಲಿಲ್ಲ. ಸೊನ್ನೆಯ ಕೆಳಗಿಳಿಯಲು ಬರುತ್ತದೆಯೇ ಎಂದು ಅವಳೂ ಕೇಳಲಿಲ್ಲ, ನಿನ್ನೆ ಸಂಜೆ ಆಫೀಸಿನಲ್ಲಿ ಎದುರು ಟೇಬಲ್ಲಿನ ಲಯನೆಲ್ ಹೇಳಿದ, ಫ್ರಿಜ್ಜಿನ ಚಿಪ್‌ನಲ್ಲಿ ಜಾಗ ಸಾಲುವುದಿಲ್ಲ, ಮೈನಸ್ ಇಲ್ಲದ ಸಣ್ಣ ಸಂಖ್ಯೆ ಹಾಕ್ತೇನೆ, ಮಂಗಳೂರಿನಲ್ಲಿ ಸೊನ್ನೆಯ ಕೆಳಗೆ ಎಂತ ಹೋಗ್ಲಿಕ್ಕುಂಟು ಮಾರಾಯ್ತಿ, ಸೆಕೆಯಲ್ಲೇ ಬೆಂದು ಬೆಳೆದವರು, ಇಬ್ಬರೂ ನಕ್ಕರು, ಬರೆದದ್ದನ್ನು ತಪಾಸಣೆ ಮಾಡುವ ಕಂಪೈಲರ್ ಎರಡು ಗುಣ ನೋಡಿ ಹೂಂ ಎಂದಿತು, ಅವಳು ಮನೆಗೆ ಹೋಗಿ ಹೊಸ ಪ್ರೋಗ್ರಾಮನ್ನು ಫ್ರಿಜ್ಜಿಗೆ ತುಂಬಿಸಿ ಹಾಯಾಗಿ ಮಲಗಿದಳು, ಹೇಗೆ ನಿದ್ದೆ ಬಂತು?

ದೊಡ್ಡ ಫ್ರಿಜ್ಜಿನಲ್ಲೇ ಇರಲಿ ಉಮ್ಮಾ ಎಂದಿದ್ದಳು, ಊರಿನವರು ನಂಬುವ ಮೊದಲು ನಾನು ನಂಬಬೇಡವಾ ಎಂದು ಇನ್ಸುಲಿನ್ ಸೀಸೆಯನ್ನು ಇದರೊಳಗೆ ಇಟ್ಟವರು ಉಮ್ಮನೇ, ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಆ ಮದ್ದನ್ನು ನಂಬಬಾರದು ಎಂದಿದ್ದರು ಡಾಕ್ಟರ್, ಹೋದ ರಮ್ಝಾನಿನಲ್ಲಿ ಸಕ್ಕರೆ ಏರಿ ಉಮ್ಮ ಅಡುಗೆಮನೆಯಲ್ಲಿ ಬಿದ್ದದ್ದು, ಕರೆದರೆ ಓ ಎನ್ನದ ಆ ಬಾಯಿ, ಭಯ, ಬರೀ ಭಯ. ಉಮ್ಮ ಬೆಳಿಗ್ಗೆ ತಿಂಡಿಗೆ ಮೊದಲು ಚುಚ್ಚಿಕೊಳ್ಳುವುದು, ತಣ್ಣಗಿದ್ದರೆ ಉರಿಯುತ್ತದೆಂದು ಸೀಸೆಯನ್ನು ಮುಷ್ಟಿಯಲ್ಲಿ ಹಿಡಿದು, ಬಿಸ್ಮಿ ಹೇಳುತ್ತ ಕಾವು ಕೊಡುವುದು, ಆ ಮುಷ್ಟಿ — ಉಮ್ಮನಿಗೆ ಫೋನ್ ಮಾಡಿದಳು, ರಿಂಗಾಗುತ್ತಿದೆ, ಎತ್ತುವುದಿಲ್ಲ, ಕಂಡಕ್ಟರ್ ಸೀಟಿ ಊದಿದ, ಬಸ್ಸು ಒಂದು ಮಾರು ಹೋಗಿ ನಿಂತಿತು, ಮತ್ತೆ ಫೋನ್, ಎತ್ತಿ ಉಮ್ಮಾ, ಎತ್ತಿದರು. ಉಮ್ಮಾ, ಸೂಜಿ ಹಾಕಬೇಡಿ. ಹಾಕಿ ಆಯ್ತಲ್ಲ ಮಗಳೇ, ನಿನ್ನ ಫ್ರಿಜ್ ಭಾರಿ ಲಾಯ್ಕ ಉಂಟು, ಸೀಸೆ ಕಲ್ಲಿನ ಹಾಗೆ ಆಗಿತ್ತು, ಕರಗುವವರೆಗೆ ಕೈಯಲ್ಲೇ ಹಿಡಿದುಕೊಂಡೆ. ಸಕ್ಕರೆ ನೋಡಿ ಉಮ್ಮಾ ಎನ್ನಬೇಕು, ಇಳಿಯಬೇಕು, ರಿಕ್ಷಾ ಹಿಡಿಯಬೇಕು, ಮುಷ್ಟಿ, ಉಮ್ಮನ ಮುಷ್ಟಿ, ಬೆರಳ ಸಂದಿಯಿಂದ ನೀರು ತೊಟ್ಟಿಕ್ಕುತ್ತಿದೆ