ಬುರ್ಗಿ ಅತ್ತೆಯ ಆರು ದಿನದ ಚೀಟಿ

ಎರಡು ದಿನ ಎಡೆಬಿಡದೆ ಬೀಸಿದ ತೆಂಕಣ ಬಿಸಿಗಾಳಿ ಆ ಸೋಮವಾರ ನಸುಕಿಗೆ ಮುಂಚೆಯೇ ನಿಂತುಬಿಟ್ಟಿತ್ತು. ಸೂರಿನಿಂದ ತೊಟ್ಟಿಕ್ಕುತ್ತಿದ್ದ ನೀರು ಇದ್ದಲ್ಲೇ ಗಾಜಿನ ಬೆರಳುಗಳಾಗಿ ಜೋತಾಡುತ್ತಿತ್ತು. ಆಕಾಶದಲ್ಲಿ ಒಂದು ಮೋಡವಿಲ್ಲ. ನೋಟ್‌ಬುರ್ಗಾ ಹಿತ್ತಲ ಬಾಗಿಲು ತೆಗೆದು ಅಂಗಳದ ಹಿಮದ ಮೇಲೆ ಬರಿಗೈ ಊರಿದಳು. ಕೈ ಒಳಗಿಳಿಯಲಿಲ್ಲ, ಕರಗಿದ್ದೆಲ್ಲ ಮತ್ತೆ ಗಡ್ಡೆ ಕಟ್ಟಿತ್ತು. ಅವಳು ಒಳಗೆ ಬಂದು, ಊಟದ ಕೋಣೆಯ ಮೂಲೆಯಲ್ಲಿ ಶಿಲುಬೆಯ ಕೆಳಗೆ ಮೊಳೆಗೆ ಸಿಕ್ಕಿಸಿದ್ದ ಚೀಟಿ ತೆಗೆದಳು. ಮೊದಲ ಸಾಲಿಗೆ ಪೆನ್ಸಿಲಿನಲ್ಲಿ ಗೀಟೆಳೆದು ಹೊಸದಾಗಿ ಬರೆದಳು: "ಸೋಮವಾರ. ಹತ್ತಕ್ಕೆ ಮುಂಚೆ ಯಾರೂ ಸ್ಕೀ ಕಟ್ಟಬಾರದು. ಆಮೇಲೆ ಮೂಡಣ ಹುಲ್ಲುಗಾವಲು. ಬಡಗಣ ಬದಿ ಬೇಡವೇ ಬೇಡ."

ಊರಿಗೆಲ್ಲ ಅವಳು ಬುರ್ಗಿ ಅತ್ತೆ. ವಯಸ್ಸು ಅರವತ್ತೆಂಟು, ಇರುವುದು ನಾಲ್ಕು ಹಸು, ಅತಿಥಿಗಳಿಗೆಂದು ಐದು ಕೋಣೆ. ಬರುವವರು ನಡುದರ್ಜೆಯ ಸ್ಕೀಗಾರರು. ಹೊಸಬರಂತೆ ಹೆಜ್ಜೆಗೊಮ್ಮೆ ಬೀಳುವವರಲ್ಲ, ಪಳಗಿದವರಂತೆ ಬಂಡೆಯಿಂದ ಹಾರುವವರೂ ಅಲ್ಲ. ಅಂಥವರು ಯಾವ ದಿನ, ಯಾವ ಹೊತ್ತಿಗೆ, ಯಾವ ಇಳಿಜಾರಿಗೆ ಹೋಗಬೇಕೆಂದು ಅಕ್ಟೋಬರಿನಲ್ಲೇ ಕೂತು ಲೆಕ್ಕ ಹಾಕಿ ಆರು ದಿನಕ್ಕೆ ಆರು ಸಾಲು ಬರೆದಿಡುವುದು ಅವಳ ಮೂವತ್ತು ವರ್ಷದ ವ್ರತ. ವಿಚಿತ್ರವೆಂದರೆ, ಅವಳು ಒಂದು ದಿನವೂ ಕಾಲಿಗೆ ಸ್ಕೀ ಕಟ್ಟಿದವಳಲ್ಲ. ಅವಳು ಬಲ್ಲದ್ದು ಹಿಮದ ಅಡಿಯಲ್ಲಿರುವ ಹುಲ್ಲು. ನೆಟ್ಟಗೆ ನಿಂತು ಹುಲ್ಲು ಗೋರಬಹುದಾದ ಜಾಗ ಹೊಸಬರದ್ದು. ದಂತಾಳೆಯ ಕೋಲಿಗೆ ಒರಗಿ ಗೋರಬೇಕಾದದ್ದು ನಡುವಿನವರದ್ದು. ಬೂಟಿನಡಿ ಕಬ್ಬಿಣದ ಮುಳ್ಳು ಕಟ್ಟಿಕೊಂಡು ಕುಯ್ಯಬೇಕಾದದ್ದನ್ನು ಬಲ್ಲವರಿಗೂ ದೇವರಿಗೂ ಬಿಡಬೇಕು. ಬೇಸಿಗೆಯಲ್ಲಿ ಎಲ್ಲಿ ಇಬ್ಬನಿ ಮೊದಲು ಆರುತ್ತದೋ ಚಳಿಗಾಲದಲ್ಲಿ ಅಲ್ಲೇ ಹಿಮ ಮೊದಲು ಮೆತ್ತಗಾಗುತ್ತದೆ. ಅವಳ ವಿದ್ಯೆ ಇಷ್ಟೇ.

ಈ ವರ್ಷದ ಚೀಟಿಯ ಹಿಂದೆ ಒಂದು ಕಾಗದವಿತ್ತು. ಸಮುದ್ರದಂಚಿನ ಸಪಾಟು ನಾಡಿನಿಂದ ಒಂಬತ್ತು ವರ್ಷಗಳಿಂದ ತಪ್ಪದೆ ಬರುವ ಇಮ್ಕೆ ಬರೆದದ್ದು. ಹೋದ ಚಳಿಗಾಲ ಇಲ್ಲಿಂದ ಹೊರಟ ಮೇಲೆ ಅವಳು ಬೇರೊಂದು ಕಣಿವೆಯಲ್ಲಿ ಮಂಜುಗಡ್ಡೆಯ ಮೇಲೆ ಬಿದ್ದು ಹೆಗಲ ಮೂಳೆ ಮುರಿದುಕೊಂಡಿದ್ದಳು. "ಬುರ್ಗಿ ಅಕ್ಕ, ಇದೊಂದು ಸಲ ನೋಡುತ್ತೇನೆ. ಮೊದಲ ದಿನ ನನ್ನ ಭಯ ಇಳಿದರೆ ಸ್ಕೀ ನನ್ನ ಜೊತೆ ಮನೆಗೆ ಬರುತ್ತದೆ. ಇಲ್ಲದಿದ್ದರೆ ನಿಮ್ಮ ಒಲೆಗೆ ಹಾಕಿಬಿಡಿ." ಬುರ್ಗಿ ಅದಕ್ಕೆ ಒಂದೇ ಸಾಲಿನ ಉತ್ತರ ಬರೆದಿದ್ದಳು: "ನನ್ನ ಒಲೆಗೆ ಸೌದೆ ಸಾಕಷ್ಟಿದೆ, ಬಾ."

ಎಂಟೂಕಾಲಿಗೆ ವೆಂಡೆಲಿನ್ ಕೆಂಪು ಅಂಗಿ ತೊಟ್ಟು ಒಳಗೆ ಬಂದ. ಪಕ್ಕದ ಮನೆಯ ಮಗ. ಹೋದ ವರ್ಷದಿಂದ ಊರಿನ ಸ್ಕೀ ಶಾಲೆಗೆ ಅವನೇ ಮುಖ್ಯಸ್ಥ. ಇಮ್ಕೆ, ಅವಳ ಗಂಡ ಹಾಯೋ, ಉಳಿದ ನಾಲ್ವರು, ಎಲ್ಲರೂ ಅವನ ತರಗತಿಗೆ ಹೆಸರು ಕೊಟ್ಟಿದ್ದರು.

"ಏಳಿ, ಏಳಿ! ಬಡಗಣ ಇಳಿಜಾರು ಹೊಸದಾಗಿ ತೆರೆದಿದೆ. ಇವತ್ತು ಅಲ್ಲಿ ನಮ್ಮ ಸ್ಕೀಗಳದ್ದೇ ಮೊದಲ ಗೆರೆ."

"ಮೊದಲ ಗೆರೆ ಅಲ್ಲ ಕಣೋ, ಮೊದಲ ಮೂಳೆ," ಎಂದಳು ಬುರ್ಗಿ. "ಕೂತ್ಕೋ, ಕಾಫಿ ಕುಡಿ. ಹತ್ತರ ತನಕ ಇವರು ಏಳಲ್ಲ."

ವೆಂಡೆಲಿನ್ ಚೀಟಿ ಓದಿ ನಕ್ಕ. "ಅತ್ತೆ, ಸ್ಕೀ ಶಾಲೆ ನಂದೋ, ನಿಂದೋ? ಜನ್ಮದಲ್ಲಿ ಒಂದು ಸಲನಾದ್ರೂ ಸ್ಕೀ ಮೇಲೆ ನಿಂತಿದ್ದೀಯಾ ನೀನು?"

"ಇಲ್ಲ. ಆದ್ರೆ ನಿಮ್ಮಮ್ಮ ನಿನ್ನನ್ನ ಹೊಟ್ಟೇಲಿ ಇಟ್ಕೊಂಡು ಅದೇ ಬಡಗಣದಲ್ಲಿ ಜಾರಿದಾಗ ಕೈ ಹಿಡಿದು ನಿಲ್ಲಿಸಿದೋಳು ನಾನು. ಜುಲೈ ತಿಂಗಳು, ಒಣ ಹುಲ್ಲು, ಕಾಲಲ್ಲಿ ಮುಳ್ಳು ಕಟ್ಟಿದ್ಲು. ಆದ್ರೂ ಜಾರಿದ್ಲು."

ಅವನ ಮುಖ ಅಂಗಿಯ ಬಣ್ಣಕ್ಕೆ ತಿರುಗಿತು. "ಆ ಕಾಲ ಹೋಯ್ತು. ಈಗ ಯಂತ್ರ ಓಡ್ಸಿ ಸಮ ಮಾಡ್ತೀವಿ. ಫಲಕದಲ್ಲಿ ಬಡಗಣಕ್ಕೂ ಕೆಂಪು, ಮೂಡಣಕ್ಕೂ ಕೆಂಪೇ, ಎರಡೂ ನಡುದರ್ಜೆಯೋರ್ಗೇ."

"ಬಣ್ಣ ಬಳಿದಿದ್ದು ಕಚೇರಿಯೋರು. ಬೆಟ್ಟ ಮಾಡಿದ್ದು ದೇವರು."

ವೆಂಡೆಲಿನ್ ಇಮ್ಕೆಯ ಕಡೆ ತಿರುಗಿದ. "ಹೆದರಿಕೆ ಹೋಗ್ಬೇಕು ಅಂದ್ರೆ ಅದರ ಬಾಯೊಳಗೇ ನುಗ್ಗಬೇಕು, ಮೇಡಂ." ಇಮ್ಕೆ ಕೈಯಲ್ಲಿದ್ದ ಬ್ರೆಡ್ಡನ್ನು ತಟ್ಟೆಗಿಟ್ಟಳು. "ಗುರುಗಳು ಹೇಳ್ತಿದ್ದಾರಲ್ಲ," ಎಂದು ಹಾಯೋ ಮೆಲ್ಲನೆ ಗೊಣಗಿದ.

ಬುರ್ಗಿ ಸೊಂಟಕ್ಕೆ ಕಟ್ಟಿದ್ದ ಅಡುಗೆಮನೆಯ ಏಪ್ರನ್ ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದಳು. "ಸರಿ ಹಾಗಾದ್ರೆ. ನಾನೂ ಬರ್ತೀನಿ."

ದಣಿಯ ಮಾತು ಮೀರಿ, ಇಗರ್ಜಿಯ ಸಂಜೆಗಂಟೆಗೆ ಕೊಯ್ಲು ನಿಲ್ಲಿಸಿ, ಕುಡುಗೋಲನ್ನು ಬಿಸಿಲುಕೋಲಿಗೆ ತೂಗುಹಾಕಿದಳೆಂದು ಕಥೆಯಿರುವ ಸಂತ ನೋಟ್‌ಬುರ್ಗಾಳ ಹೆಸರನ್ನು ಅವಳಿಗೆ ಇಟ್ಟಿದ್ದರು. ಹೆಸರು ಸುಮ್ಮನೆ ಅಂಟುವುದಿಲ್ಲ. ಕೊಟ್ಟಿಗೆಯ ಸೂರಿನಡಿಯಿಂದ ಹನ್ನೆರಡು ಮರದ ಹಲ್ಲಿನ ದಂತಾಳೆ ಇಳಿಸಿದಳು, ಕಬ್ಬಿಣದ ಮುಳ್ಳುಗಳನ್ನು ಚೀಲಕ್ಕೆ ಹಾಕಿದಳು. ಹೊಸ್ತಿಲ ಬಳಿಯ ಬಟ್ಟಲಿನ ಪವಿತ್ರ ಜಲದಲ್ಲಿ ಬೆರಳದ್ದಿ ಇಮ್ಕೆಯ ಹಣೆಗೆ ಶಿಲುಬೆ ಎಳೆದಳು.

ತಂತಿಯ ಮೇಲೆ ಬೆಟ್ಟ ಏರುವ ಲಿಫ್ಟಿನಲ್ಲಿ ಅವಳ ದಂತಾಳೆ ನೋಡಿ ಯಾರೋ ಒಬ್ಬ ಕೇಳಿದ, "ಅಜ್ಜಿ, ಹುಲ್ಲು ಎಲ್ಲಿದೆ ಈಗ?"

"ಅಲ್ಲೇ ಇದೆ ಮಗಾ. ಮಲಗಿದೆ."

ಮೇಲೆ, ಬೆಟ್ಟದ ಹೆಗಲಿನಲ್ಲಿ, ಎರಡು ಹಾದಿಗಳು ಬೆನ್ನಿಗೆ ಬೆನ್ನು ಕೊಟ್ಟು ಇಳಿಯುತ್ತಿದ್ದವು. ಮೂಡಣಕ್ಕೆ ಆಗತಾನೇ ಬಿಸಿಲು ಮುಟ್ಟಿತ್ತು. ಬಡಗಣ ನೀಲಿ ನೆರಳಲ್ಲಿತ್ತು. ಬೇರೆ ಮನೆಗಳ ಅತಿಥಿಗಳೂ ಸೇರಿ ವೆಂಡೆಲಿನ್ ತನ್ನ ಹನ್ನೊಂದು ಜನರನ್ನು ಸಾಲಾಗಿ ನಿಲ್ಲಿಸುವಷ್ಟರಲ್ಲಿ ಬುರ್ಗಿ ಮುಳ್ಳು ಕಟ್ಟಿಕೊಂಡು, ಕರಕರ ತುಳಿಯುತ್ತಾ ಬಡಗಣದ ಬಾಯಿಗೆ ಹೋಗಿ, ದಂತಾಳೆಯನ್ನು ಅಡ್ಡ ಹಿಡಿದು ನಿಂತಳು.

"ಇಳಿಯೋರು ನನ್ನ ದಾಟ್ಕೊಂಡು ಇಳೀರಿ."

"ಅತ್ತೆ, ಜನ ನೋಡ್ತಿದ್ದಾರೆ!"

"ನೋಡ್ಲಿ. ನೋಡ್ಲಿ ಅಂತಾನೇ ಬಂದಿದ್ದು." ಅವಳು ದಂತಾಳೆಯನ್ನು ಕೆಳಗೆ ಕುಕ್ಕಿದಳು. ಹಲ್ಲುಗಳು ಟಿಣ್ಣೆಂದವು. ಹಿಮದ ಮೇಲೆ ಗೀರು ಕೂಡ ಬೀಳಲಿಲ್ಲ.

"ಮುದಿ ಕೈ," ಎಂದ ವೆಂಡೆಲಿನ್. "ಕೊಡಿಲ್ಲಿ." ಕಸಿದುಕೊಂಡು ಮೈಯ ಬಲವೆಲ್ಲ ಹಾಕಿ ಬಡಿದ.

ಒಂದು ಹಲ್ಲು ಫಳಕ್ಕನೆ ಮುರಿದು ಹಾರಿತು. ಹಿಮಕ್ಕೆ ಬಿದ್ದು ಜಾರತೊಡಗಿತು. ಹದಿಮೂರು ಜೊತೆ ಕಣ್ಣು ಅದರ ಹಿಂದೆ ಹೋದವು. ಬೆರಳಿನಷ್ಟಿದ್ದ ಮರದ ಚೂರು ಎಲ್ಲೂ ತಡೆಯಲಿಲ್ಲ, ನಿಲ್ಲಲಿಲ್ಲ. ಸರ್ರನೆ ಮೊದಲ ತಿರುವು ದಾಟಿತು, ಕಡ್ಡಿಯಷ್ಟಾಯಿತು, ಕಾಳಿನಷ್ಟಾಯಿತು, ಕಡಿದಾದ ಅಂಚಿನಿಂದಾಚೆ ಕಾಣದಾಯಿತು. ಬಹಳ ಹೊತ್ತಿನ ಮೇಲೆ ಕೆಳಗೆಲ್ಲೋ ಬಂಡೆಗೆ ತಾಗಿ ಟಕ್ ಎಂದದ್ದು ಕೇಳಿತು.

ಇಮ್ಕೆ ಗಟ್ಟಿಯಾಗಿ ಹೇಳಿದಳು: "ನಾನು ಅದರ ಹಿಂದೆ ಹೋಗಲ್ಲ. ಗುರುಗಳು ಹೇಳಿದ್ರೂ ಇಲ್ಲ, ಹಾಯೋ, ನೀನು ಹೇಳಿದ್ರೂ ಇಲ್ಲ." ಸ್ಕೀಯ ಮೂತಿಯನ್ನು ಮೂಡಣಕ್ಕೆ ತಿರುಗಿಸಿದಳು. ಹಾಯೋ ತಿರುಗಿಸಿದ. ಉಳಿದವರೂ ಒಬ್ಬೊಬ್ಬರಾಗಿ ತಿರುಗಿಸಿದರು.

ಹತ್ತರ ತನಕ ಬಿಸಿಲಲ್ಲಿ ಕಾದರು. ಬುರ್ಗಿ ಮೂರು ಸಲ ಬಗ್ಗಿ ಹಿಮಕ್ಕೆ ಹೆಬ್ಬೆರಳು ಒತ್ತಿದಳು. ಮೂರನೆಯ ಸಲ ಉಗುರು ಮುಳುಗಿತು. "ಹೂಂ," ಎಂದಳು.

ಇಮ್ಕೆ ಮಾತ್ರ ಕದಲಲಿಲ್ಲ. ಭಯ ಮಂಜುಗಡ್ಡೆಯ ಜೊತೆಗೇ ಕರಗುವಂಥದ್ದಲ್ಲ. ಆಗ ವೆಂಡೆಲಿನ್, ಮುರಿದ ದಂತಾಳೆಯನ್ನು ಕಂಕುಳಲ್ಲಿ ಇರುಕಿಕೊಂಡೇ, ಅವಳ ಮುಂದೆ ಬಂದು ನಿಂತ. "ನನ್ನ ಬೆನ್ನು ನೋಡ್ಕೊಂಡು ಬನ್ನಿ ಮೇಡಂ. ನಿಧಾನ," ಎಂದಷ್ಟೇ ಹೇಳಿ ಅಗಲವಾದ ಒಂದು ತಿರುವು ಬರೆದ. ಅವಳು ಅವನ ಗೆರೆಯ ಮೇಲೆ ಗೆರೆ ಇಟ್ಟಳು. ಎರಡನೆಯದರಲ್ಲಿ ತೂರಾಡಿದಳು. ಐದನೆಯದರಲ್ಲಿ ಅವಳ ಹೆಗಲು ಸಡಿಲಾಯಿತು. ಮೇಲೆ ನಿಂತು ಜಪಸರದ ಮಣಿಗಳಲ್ಲಿ ತಿರುವು ಎಣಿಸುತ್ತಿದ್ದ ಬುರ್ಗಿ ಆಮೇಲೆ ಎಣಿಸಲಿಲ್ಲ. ಜಪಸರವನ್ನು ಜೇಬಿಗೆ ಹಾಕಿಕೊಂಡು ಲಿಫ್ಟಿನ ಕಡೆ ನಡೆದಳು.

ಉಳಿದ ಐದು ದಿನಗಳೂ ಚೀಟಿಯ ಪ್ರಕಾರವೇ ಕಳೆದವು. ಭಾನುವಾರ ಬೆಳಿಗ್ಗೆ ಹಾಯೋ ಕಾರಿನ ನೆತ್ತಿಗೆ ಸಾಮಾನು ಕಟ್ಟುತ್ತಿದ್ದ. ಇಮ್ಕೆ ತನ್ನ ಸ್ಕೀಗಳನ್ನು ತಾನೇ ಒರೆಸಿ ತಂದು ಮೇಲಿಟ್ಟಳು. "ಮುಂದಿನ ವರ್ಷ ಇದೇ ವಾರ, ಇದೇ ಕೋಣೆ," ಎಂದಳು. "ಅದೇನು ಹೇಳ್ಬೇಕಾ?" ಎಂದಳು ಬುರ್ಗಿ.

ಕಾರು ತಿರುವಿನಾಚೆ ಮರೆಯಾದ ಮೇಲೆ ಹಿತ್ತಲ ಬಾಗಿಲು ಸದ್ದಾಯಿತು. ವೆಂಡೆಲಿನ್ ನಿಂತಿದ್ದ, ಕೆಂಪು ಅಂಗಿಯಿಲ್ಲ, ತಂದೆಯ ಹಳೆಯ ಉಣ್ಣೆಯಂಗಿ, ತೋಳಿನ ಮೇಲೆ ಮರದ ಹೊಟ್ಟು. ದಂತಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಅವಳಿಗೆ ಕೊಟ್ಟ. ಬುರ್ಗಿ ಹಲ್ಲುಗಳ ಮೇಲೆ ಹೆಬ್ಬೆರಳು ಆಡಿಸಿದಳು.

"ಹೊಸ ಹಲ್ಲು ಸ್ವಲ್ಪ ಉದ್ದ ಆಯ್ತೇನೋ ಅತ್ತೆ."

"ಬೇಸಿಗೇಲಿ ಸವೀತದೆ, ಬಿಡು."

ಅವಳು ದಂತಾಳೆಯನ್ನು ಕೊಟ್ಟಿಗೆಯ ಸೂರಿನಡಿ, ಅದರ ಮೊಳೆಗೆ, ತೂಗುಹಾಕಿದಳು. ಹನ್ನೊಂದು ಬೂದು ಹಲ್ಲುಗಳ ನಡುವೆ ಒಂದು ಬೆಳ್ಳಗೆ, ಹೊಸ ಮರದ ವಾಸನೆ ಬೀರುತ್ತಾ, ಉಳಿದವಕ್ಕಿಂತ ಒಂದು ಕೂದಲೆಳೆ ಮುಂದೆ ಚಾಚಿಕೊಂಡಿತ್ತು.