ಮೂರನೇ ಕಲಮು

ಜರ್ಮನಿಯ ಆಸ್ಪತ್ರೆಯೊಂದರಲ್ಲಿ ಆರು ವರ್ಷ ನರ್ಸಾಗಿದ್ದು ೧೯೭೮ರಲ್ಲಿ ಕಡಬಕ್ಕೆ ಮರಳಿದಾಗ, ಈ ಸುತ್ತಿನಲ್ಲಿ ಜರ್ಮನ್ ಬಲ್ಲವಳು ನಾನೊಬ್ಬಳೇ. ಹಾಳೂರಿಗೆ ಉಳಿದವನೇ ಗೌಡ. ನನಗೆ ಗೊತ್ತಿದ್ದುದು ಜ್ವರ, ಕೀವು, ಭೇದಿಯ ಜರ್ಮನ್. ಆದರೂ ಊರವರ ಹೊಗಳಿಕೆಗೆ ಉಬ್ಬಿಹೋಗಿದ್ದ ನನ್ನ ಬಾಯಿಂದ ಗೊತ್ತಿಲ್ಲ ಎಂಬ ಮಾತು ಬರುತ್ತಿರಲಿಲ್ಲ.

ಮರುವರ್ಷ ಬೆಳ್ಳಾರೆಯ ಕಾಳುಮೆಣಸಿನ ವ್ಯಾಪಾರಿ ಕುಶಾಲಪ್ಪನವರು ನಾಲ್ಕು ಹಾಳೆಯ ಕರಾರುಪತ್ರ ಹಿಡಿದು ಬಂದರು. ಕೊಚ್ಚಿಯ ದಲ್ಲಾಳಿಯೊಬ್ಬ ಕುದುರಿಸಿಕೊಟ್ಟ ಜರ್ಮನ್ ಗಿರಾಕಿ. ಆರು ತಿಂಗಳ ಮೇಲೆ ಕೊಡಬೇಕಾದ ಮಾಲಿಗೆ ಈಗಲೇ ದರ ನಿಗದಿ, ಜೊತೆಗೆ ಒಂದಿಷ್ಟು ಹಣ ಕೈಗೆ. ನಾನು ಇಂಗ್ಲಿಷಿಗೆ ಇಳಿಸಿಕೊಟ್ಟರೆ ಪುತ್ತೂರಿನ ವಕೀಲರು ನೋಡಿ ಸಹಿ ಹಾಕಿಸುತ್ತಾರಂತೆ.

ಎರಡು ದಿನ ತಿಣುಕಿದೆ. ಮೂರನೇ ಕಲಮು ಹೇಳುತ್ತಿದ್ದುದಿಷ್ಟು: ಗಿರಾಕಿ ಈಗ ಕೊಡುವ ಹಣ, ಕೊಳ್ಳುವ ಹಕ್ಕಿಗೆ ಕೊಟ್ಟ ಬೆಲೆ. ಗಡುವು ಬಂದಾಗ ಬೇಕಾದರೆ ಮಾಲು ಕೊಳ್ಳುತ್ತಾನೆ, ಬೇಡವಾದರೆ ಆ ಹಣ ಬಿಟ್ಟು ಕೈತೊಳೆದುಕೊಳ್ಳುತ್ತಾನೆ. ಸರಿಯಾಗಿಯೇ ಬರೆದೆ. ಓದಿ ಹೇಳಿದಾಗ ಕುಶಾಲಪ್ಪನವರು ನಕ್ಕುಬಿಟ್ಟರು.

"ಮುಂಗಡ ಕೊಟ್ಟವ ಮಾಲು ಬೇಡ ಅಂತ ಹೇಳುದುಂಟಾ ಸಿಸ್ಟರೇ? ನಮ್ಮಲ್ಲಿ ಮುಂಗಡ ಕೈ ಬದಲಾದ್ರೆ ಮುಗೀತು, ಮಾತು ಮಾತೇ. ಇನ್ನೊಮ್ಮೆ ನೋಡಿ."

ನೋಡಿದೆ. ಜರ್ಮನ್‌ನಲ್ಲಿ ಬರೆದದ್ದು ಅದೇ ಇತ್ತು. ಆದರೆ ರಬ್ಬರ್ ಮಾರುತ್ತಿದ್ದ ನನ್ನ ಅಪ್ಪ ಪೈಲಿಯೂ ಮುಂಗಡವೆಂದರೆ ಆಣೆಯೆಂದೇ ನಂಬಿದವರು. ವ್ಯಾಪಾರದಲ್ಲಿ ತಲೆ ನರೆತವರಿಗಿಂತ ನರ್ಸಮ್ಮ ಹೆಚ್ಚು ಬಲ್ಲಳೇ? ಆ ಹಾಳೆ ಹರಿದು, ಗಡುವಿನ ದಿನ ಗಿರಾಕಿ ಮಾಲು ಕೊಳ್ಳತಕ್ಕದ್ದು ಎಂದು ಬರೆದುಕೊಟ್ಟೆ.

ಕುಶಾಲಪ್ಪನವರು ಸಾಲ ಮಾಡಿ ಸುಳ್ಯದ ಕಡೆಯ ಮೆಣಸನ್ನೆಲ್ಲ ಕೊಂಡು ಕೂಡಿಟ್ಟರು. ದರ ಕುಸಿಯಿತು. ಮಾಲು ಬೇಡವೆಂದು ಜರ್ಮನಿಯಿಂದ ಎರಡು ಸಾಲಿನ ಪತ್ರ ಬಂತು.

ಅವರು ವಕೀಲರನ್ನು ಕರೆದುಕೊಂಡು ನಮ್ಮ ಮನೆಗೇ ಬಂದರು. ಕರಾರಿನಲ್ಲಿ ಬಲವಿಲ್ಲದಿದ್ದರೆ ಸಿಕ್ಕಿದ ದರಕ್ಕೆ ಈಗಲೇ ಮಾರಿಬಿಡುವುದು ಒಳ್ಳೆಯದು, ಅಷ್ಟಿಷ್ಟು ನಷ್ಟದಲ್ಲಿ ಪಾರಾಗಬಹುದು ಎಂದರು ವಕೀಲರು. ಕುಶಾಲಪ್ಪನವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಅವತ್ತು ಮೊದಲು ಓದಿದ್ರಲ್ಲ, ಅದು ಸರಿಯಾ, ಆಮೇಲೆ ಬರೆದದ್ದು ಸರಿಯಾ?"

ವಕೀಲರ ಎದುರು ನನ್ನ ಮರ್ಯಾದೆ ಹೋಗುತ್ತದೆಂದು ಹೆದರಿದೆ.

"ಆಮೇಲೆ ಬರೆದದ್ದೇ ಸರಿ," ಎಂದೆ.

ಅದನ್ನೇ ನಂಬಿ ಅವರು ಒಂದು ಚೀಲವನ್ನೂ ಮಾರಲಿಲ್ಲ. ಜರ್ಮನಿಗೆ ಪತ್ರದ ಮೇಲೆ ಪತ್ರ ಬರೆಸಿದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮೆಣಸಿಗೆ ಬೂಷ್ಟು ಹಿಡಿಯಿತು, ದರ ಇನ್ನೂ ಇಳಿಯಿತು. ಬೆಳ್ಳಾರೆಯ ಅಂಗಡಿ ಬೇರೆಯವರ ಪಾಲಾಯಿತು. ಮನುಷ್ಯ ಹಾಸಿಗೆ ಹಿಡಿದರು. ಹೇಳಿಬಿಡುತ್ತೇನೆಂದು ಎರಡು ಸಲ ಬಸ್ಸು ಹತ್ತಿದ್ದೆ. ಎರಡು ಸಲವೂ ಅರ್ಧ ದಾರಿಯಲ್ಲಿ ಇಳಿದು ವಾಪಸು ಬಂದೆ. ನನ್ನಂಥ ಹೇಡಿ ಇನ್ನೊಬ್ಬಳಿಲ್ಲ.

ಅವರು ತೀರಿಕೊಂಡ ಮೇಲೆ ಮರ್ಕಂಜದ ಅವರ ಮನೆಗೆ ಹೋದೆ. ಹೆಂಡತಿ ಪಂಕಜಾಕ್ಷಿ ನನ್ನ ಎರಡೂ ಕೈ ಹಿಡಿದುಕೊಂಡರು.

"ಜರ್ಮನಿಯವ್ರು ಮೋಸ ಮಾಡಿದ್ರು ಸಿಸ್ಟರೇ. ನಮ್ಮ ಕಡೆ ನಿಂತದ್ದು ನೀವೊಬ್ರೇ ಅಂತ ಇವ್ರು ಕಡೆಯವರೆಗೂ ಹೇಳ್ತಿದ್ರು."

ಅಲ್ಲಿಯೂ ನಾನು ಬಾಯಿ ಬಿಡಲಿಲ್ಲ.