ರೆಗ್ಯುಲೇಟರಿಗೆ ದೇವರ ಅಪ್ಪಣೆ

ಗಾಳಿ ತಿರುಗಿದಾಗ ಉಗಾರ ಖುರ್ದದ ಸಕ್ಕರೆ ಫ್ಯಾಕ್ಟರಿಯ ಕಾಕಂಬಿ ವಾಸನೆ ಬರುವಷ್ಟು ದೂರದಲ್ಲಿ ದಾದಾಸಾಹೇಬನ ಮನೆತನದ ದ್ರಾಕ್ಷಿ ಪಡ ಇತ್ತು. ಬಳ್ಳಿ ಮುದಿಯಾದವೆಂದು ಕಿತ್ತು ಹಾಕಿದ ಮೇಲೂ ಕಬ್ಬಿಣದ ಕಂಬಗಳು ಸಾಲುಸಾಲಾಗಿ ನಿಂತೇ ಇದ್ದವು. ಅವುಗಳ ನಡುವೆ ಹಸಿರು ಜಾಳಿಗೆ ಕಟ್ಟಿ, ಟ್ರ್ಯಾಕ್ಟರಿನ ಹಳೆಯ ಟೈರು ಪೇರಿಸಿ, ಪೇಂಟ್‌ಬಾಲ್ ಆಟದ ಮೈದಾನ ಮಾಡಿದವಳು ಆ ಮನೆಯ ಸಣ್ಣ ಸೊಸೆ ಸಾರಿಕಾ. ಗಂಡ ಶಿವರಾಜ ಫ್ಯಾಕ್ಟರಿಯ ಪಾಳಿಗೆ ಹೋಗುವವನು. ಮೈದಾನದ ಒಳ್ಳೆಯದು ಕೆಟ್ಟದ್ದು ಎಲ್ಲ ಇವಳ ತಲೆಯ ಮೇಲೆ.

ಆಟ ಸರಳ. ಬಣ್ಣ ತುಂಬಿದ ಗುಂಡುಗಳನ್ನು ಗಾಳಿಯ ಗನ್ನಿನಿಂದ ಒಬ್ಬರಿಗೊಬ್ಬರು ಹೊಡೆಯುವುದು. ಗನ್ನಿಗೆ ಒಂದು ಗಾಳಿ ಟ್ಯಾಂಕು, ಟ್ಯಾಂಕಿನ ಕುತ್ತಿಗೆಗೆ ಒಂದು ರೆಗ್ಯುಲೇಟರು. ಒಳಗೆ ಕಿಕ್ಕಿರಿದ ಗಾಳಿ ಒಮ್ಮೆಲೇ ಗನ್ನಿಗೆ ನುಗ್ಗದಂತೆ ತಡೆದು, ಅಳೆದು ಬಿಡುವುದು ಅದರ ಕೆಲಸ. ಮೇಲಿನ ದೇವರು ಮನುಷ್ಯನ ಗಂಟಲಿಗೂ ಅಂಥದೊಂದನ್ನು ಇಟ್ಟೇ ಕಳಿಸಿರುತ್ತಾನೆ. ಎಲ್ಲರದೂ ಒಂದೇ ಸಮ ಬಾಳುವುದಿಲ್ಲ.

ಮೈದಾನದ ರೆಗ್ಯುಲೇಟರುಗಳ ಒಳಗಿನ ವಾಶರು ಸವೆದಿದ್ದವು. ಗನ್ನು ಹಿಡಿದು ಸುಮ್ಮನೆ ನಿಂತರೂ ಒತ್ತಡ ಒಳಗೊಳಗೇ ಏರುತ್ತಿತ್ತು. ಆಮೇಲೆ ಹಾರಿದ ಮೊದಲ ಗುಂಡು ಕಲ್ಲಿನ ಹಾಗೆ ಬಡಿಯುತ್ತಿತ್ತು. ಹೋದ ರವಿವಾರ ಚಿಕ್ಕೋಡಿಯ ಕಾಲೇಜಿನಿಂದ ಬಂದ ತೃಪ್ತಿ ಎಂಬ ಹುಡುಗಿಗೆ ಅಂಥದೊಂದು ತಗುಲಿತು. ಮುಖವಾಡದ ಅಂಚಿನ ಕೆಳಗೆ, ನಟ್ಟ ನಡು ಗಂಟಲಿಗೆ. ಹುಡುಗಿ ಉಸಿರು ಸಿಗದೆ ಮಂಡಿಯೂರಿದಳು. ಸಾರಿಕಾ ಓಡಿಹೋಗಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಾಗ ಗಂಟಲಿನ ಬಾವು ಬದನೆಕಾಯಿಯ ಬಣ್ಣಕ್ಕೆ ತಿರುಗುತ್ತಿತ್ತು. ದವಾಖಾನೆಗೆ ಕಳಿಸಿದ ಮೇಲೆ ಗೇಟಿಗೆ ಕೀಲಿ ಹಾಕಿದಳು. ಹೊಸ ರೆಗ್ಯುಲೇಟರು ಬರುವ ತನಕ ತೆಗೆಯುವುದಿಲ್ಲ ಎಂದಳು.

ಕೊಲ್ಲಾಪುರದ ವ್ಯಾಪಾರಿ ನೋಡಲಿಕ್ಕೆಂದು ಎರಡು ಬಗೆಯವನ್ನು ಕಳಿಸಿದ. ಒಂದರ ಒತ್ತಡವನ್ನು ತಯಾರಿಸಿದಲ್ಲೇ ಗೊತ್ತು ಮಾಡಿ ಮುಚ್ಚಿದ್ದರು, ಯಾರಿಗೂ ಏರಿಸಲು ಬರುತ್ತಿರಲಿಲ್ಲ. ಇನ್ನೊಂದಕ್ಕೆ ಸ್ಕ್ರೂ ಇತ್ತು, ತಿರುಗಿಸಿದಷ್ಟೂ ಏರುತ್ತಿತ್ತು.

"ಇದನ್ನ ತರೂಣು," ಎಂದು ಭಾವ ದಾದಾಸಾಹೇಬ ಕಟ್ಟೆಯ ಮೇಲೆ ಕುಳಿತು ಸ್ಕ್ರೂ ಇದ್ದದ್ದನ್ನು ಎತ್ತಿ ಹಿಡಿದ. "ನಿಪ್ಪಾಣಿ ಹುಡುಗ್ರು ಏನಂದ್ರು ಗೊತ್ತೇನ? ಕಾಕಾ, ನಿಮ್ಮ ಗುಂಡು ನಡುವ ಚಾ ಕುಡ್ಯಾಕ ಕುಂದರ್ತಾವು ಅಂದ್ರು. ದೂರ ಹೋಗ್ಬೇಕಂದ್ರ ಪ್ರೆಶರ್ ಬೇಕು."

"ಆ ಸ್ಕ್ರೂನ ತ್ರಾಸ ರೀ ಭಾವಾರ. ಅದು ನಿಮ್ಮ ಕೈಯಾಗ ಇರ್ತೈತಿ."

"ನನ್ನ ಕೈಗೇನಾಗೇತಿ? ಜನ್ಮಪೂರ್ತಿ ದ್ರಾಕ್ಷಿಗಿ ಔಷಧ ಹೊಡದ ಕೈ ಇದು."

"ಔಷಧದ ಪಂಪ್ ಬಿಗಿದು ಬಿಗಿದು ಪೈಪ್ ಸಿಡಿಸಿದ ಕೈನೂ ಇದ. ಬಳ್ಳಿಗಿ ಬಡದ್ರ ಬಳ್ಳಿ ಯವ್ವಾ ಅನ್ನೂದಿಲ್ರಿ. ಆ ಹುಡುಗಿ ಅಂದ್ಳ್ರಿ."

ಸಾರಿಕಾ ಎಷ್ಟೇ ಸಿಟ್ಟಿನಲ್ಲಿದ್ದರೂ ಮಾತಿನ ಕೊನೆಯ 'ರಿ' ಬಿಟ್ಟವಳಲ್ಲ. ಆ 'ರಿ' ಹಲ್ಲಿನ ನಡುವಿನಿಂದ ಬರುವಾಗ ಬೈಗುಳವೇ ವಾಸಿ ಅನ್ನಿಸುತ್ತಿತ್ತು. ಒಳಗಿನಿಂದ ಅತ್ತೆ ಕಾಳವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

"ಮನ್ಯಾಗ ಕಚ್ಚಾಟ ಬ್ಯಾಡ. ಸಿದ್ದಪ್ಪಗ ಹೂ ಹಚ್ಚಿ ಕೇಳ್ರಿ. ಅಂವ ಹೇಳಿದ್ದ ತರ್ರಿ."

ಆ ಸೀಮೆಯಲ್ಲಿ ಮದುವೆಯಾಗಲಿ, ಬಾವಿ ತೋಡುವುದಾಗಲಿ, ಮನಸ್ಸು ಎರಡಾದರೆ ಸಿದ್ದಪ್ಪ ಎಂದು ಕರೆಯುವ ಸಿದ್ಧೇಶ್ವರನ ಗುಡಿಗೆ ಹೋಗುತ್ತಾರೆ. ಪೂಜಾರಿ ದೇವರ ಬಲಕ್ಕೊಂದು ಎಡಕ್ಕೊಂದು ಹಸಿ ಎಸಳು ಅಂಟಿಸುತ್ತಾನೆ. ಹಿರಿಯರು ಮನಸ್ಸಿನಲ್ಲಿ ಪ್ರಶ್ನೆ ಇಡುತ್ತಾರೆ. ಯಾವುದು ಮೊದಲು ಬೀಳುತ್ತದೋ ಅದು ಅಪ್ಪಣೆ. ಸಾರಿಕಾ ಈ ಮನೆಗೆ ಬಂದದ್ದೂ ಹಾಗೊಂದು ಎಸಳು ಬಿದ್ದ ಮೇಲೆಯೇ. ಸೋಮವಾರ ನೀರೂ ಮುಟ್ಟದೆ ಉಪವಾಸ ಇರುವವಳು ಅವಳು. ಬ್ಯಾಡ ಎನ್ನಲು ಬಾಯಿ ಬರಲಿಲ್ಲ. ಬಾಯಿ ಬರಲಿಲ್ಲವೆಂದೇ ದಾರಿಯುದ್ದಕ್ಕೂ ಅವಳ ಎದೆ ಕುದಿಯಿತು.

ಗುಡಿಯಲ್ಲಿ ಪೂಜಾರಿ ಅಣ್ಣಾಸಾಬ ಬಲಗಡೆ ಸಾರಿಕಾ ಬಯಸಿದ ಮುಚ್ಚಿದ ರೆಗ್ಯುಲೇಟರಿಗೆ, ಎಡಗಡೆ ಸ್ಕ್ರೂ ಇದ್ದದ್ದಕ್ಕೆ ಎಂದು ಹೇಳಿ ಎಸಳು ಅಂಟಿಸಿದ. ದಾದಾಸಾಹೇಬ ಕಣ್ಣು ಮುಚ್ಚಿ ಕೈ ಮುಗಿದು ನಿಂತ. ಗರ್ಭಗುಡಿಯಲ್ಲಿ ಎಣ್ಣೆಯ ದೀಪ ಅಲ್ಲಾಡದೆ ಉರಿಯುತ್ತಿತ್ತು. ಕಾಳವ್ವ ಮಣಮಣ ಏನೋ ಅನ್ನುತ್ತಿದ್ದಳು. ಸಾರಿಕಾ ಬಲಗಡೆಯ ಎಸಳನ್ನು ನೋಡುತ್ತಿರುವಾಗ ಎಡಗಡೆಯದು ಸದ್ದಿಲ್ಲದೆ ಜಾರಿ ಪೀಠದ ಮೇಲೆ ಬಿತ್ತು.

ಅವಳು ತಲೆ ಬಾಗಿಸಿದಳು. ಬಿದ್ದದ್ದು ಬಿತ್ತು. ಅಲ್ಲಿಗೆ ಸುಮ್ಮನಾಗುತ್ತಿದ್ದಳೇನೋ, ಆದರೆ ಅಣ್ಣಾಸಾಬ ಮಂಗಳಾರತಿಯ ತಟ್ಟೆ ಹಿಡಿದು ಹೊರಗೆ ಬರುವ ಮೊದಲೇ ದಾದಾಸಾಹೇಬ ಮೊಬೈಲು ಕಿವಿಗೆ ಹಚ್ಚಿ, "ಹಾಂ ಶೇಟ್, ಸ್ಕ್ರೂವಾಲಾ ಪಾಠವಾ," ಎಂದು ಮರಾಠಿಯಲ್ಲಿ ಸ್ಕ್ರೂ ಇದ್ದದ್ದನ್ನೇ ಕಳಿಸಲು ಹೇಳತೊಡಗಿದ್ದ.

"ಫೋನ್ ಇಡ್ರಿ ಭಾವಾರ."

ಆ ದನಿಗೆ ದಾದಾಸಾಹೇಬ ಫೋನು ಇಳಿಸಿದ. "ಯಾಕ, ದೇವರ ಮಾತು ಮೀರ್ತಿಯೇನ?"

"ಮೀರೂದಿಲ್ರಿ. ನೀವು ದೇವರಿಗಿ ಏನ್ ಕೇಳಿದ್ರಿ, ಅಷ್ಟ ಹೇಳ್ರಿ."

"ಮನಸಿನ್ಯಾಗ ಕೇಳಿದ್ದು ಹೊರಗ ಹೇಳೂದಲ್ಲ."

"ಹೇಳಬಾರ್ದಂತ ಏನಿಲ್ಲ ಬಿಡ್ರಿ ದಾದಾ," ಎಂದ ಅಣ್ಣಾಸಾಬ, ಆರತಿಗೆ ಕೈ ಅಡ್ಡ ಹಿಡಿದು. "ಗುಡ್ಯಾಗ ನಿಂತು ಸುಳ್ಳು ಹೇಳಬಾರ್ದು ಅಷ್ಟ."

ದಾದಾಸಾಹೇಬ ದೀಪದ ಕಡೆ ನೋಡಿದ. ಪುಂಡನಾದರೂ ಭಕ್ತ. "ಯಾವ್ದು ತಂದ್ರ ಮಂದಿ ಹೆಚ್ಚು ಬರ್ತಾರು ಅಂತ ಕೇಳ್ದೆ. ತಪ್ಪೇನ ಅದ್ರಾಗ?"

"ಆ ಹುಡುಗಿ ಗಂಟಲದ್ದು ಕೇಳ್ಲಿಲ್ಲೇನ್ರಿ?"

ಅವನು ಮೊಬೈಲನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

"ಮತ್ತೊಂದು ಹುಡುಗಿಗಿ ಬಡೀಬಾರ್ದು, ಯಾವ್ದು ತರ್ಲಿ ಅಂತ ಕೇಳ್ಲಿಲ್ಲ? ಯಾತಕ್ಕ ಗೇಟಿಗಿ ಕೀಲಿ ಹಾಕೇವಿ ಅನ್ನೂದ ನೆನಪಾಗ್ಲಿಲ್ಲೇನ್ರಿ ನಿಮಗ?" ಸಾರಿಕಾಳ ದನಿ ಏರಲಿಲ್ಲ. "ನೀವು ಗಿರಾಕಿ ಕೇಳಿದ್ರಿ, ಸಿದ್ದಪ್ಪ ಗಿರಾಕಿ ಹೇಳ್ದ. ಅಂವಂದೇನ ತಪ್ಪಿಲ್ರಿ."

"ಹಂಗಾರ ಇನ್ನೊಮ್ಮಿ ಕೇಳೂಣು," ಎಂದಳು ಕಾಳವ್ವ ಹೆದರಿ.

"ಬ್ಯಾಡ ಅತ್ತಿ. ಆ ಹುಡುಗಿ ಗಂಟಲಿನ ಬಾವು ನನ್ನ ತೊಡಿ ಮ್ಯಾಲ ಬಂದೈತಿ. ನೋಡೀನಿ. ನೋಡಿದ್ದನ್ನ ಅಂವಗ ಕೇಳಿದ್ರ, ಕಣ್ಣು ಯಾಕ ಕೊಟ್ಟಿ ಅಂತ ಕೇಳಿದಂಗ."

ಅವಳು ತನ್ನ ಮೊಬೈಲು ತೆಗೆದು ನಂಬರ್ ಒತ್ತಿ, ಸ್ಪೀಕರ್ ಹಾಕಿ, ಭಾವನ ಮುಂದೆ ಹಿಡಿದಳು.

"ತೃಪ್ತಿ ಅವ್ವ, ದ್ರೌಪದಿಬಾಯಿ. ಏನ್ ಮಾಡಿದ್ರಿ ಅಂತ ದಿನಾ ಕೇಳಾಕತ್ತಾಳ. ಇವತ್ತ ನೀವ ಹೇಳ್ರಿ. ಏರ್ಸಾಕ ಬರೂದ ತರ್ತೇವಿ, ಸಿದ್ದಪ್ಪನ ಅಪ್ಪಣಿ ಆಗೇತಿ ಅಂತ ಹೇಳ್ರಿ."

"ಏ, ಬಂದ್ ಮಾಡ ಅದನ್ನ," ಎಂದು ದಾದಾಸಾಹೇಬ ಹಿಂದೆ ಸರಿದ. ಬೆನ್ನಿಗೆ ಕಂಬ ತಾಗಿತು.

"ಹಲೋ, ಸಾರಿಕಾ ಅಕ್ಕಾರ?" ಹೆಂಗಸಿನ ದಣಿದ ದನಿ ಗುಡಿಯೊಳಗೆ ಬಂತು. "ಇನ್ನೂ ರೊಟ್ಟಿ ನುಂಗವಲ್ಲಳ್ರಿ ಹುಡುಗಿ. ಗಂಜಿ ಕೊಡಾಕತ್ತೇನಿ. ಮಾತಾಡಿದ್ರ ದನಿ ಗೊಗ್ಗರ ಬರ್ತೈತಿ. ನೀವೇನ ಮಾಡಿದ್ರಿ ಮತ್ತ?"

ಸಾರಿಕಾ ಕೈ ಇಳಿಸಲಿಲ್ಲ.

"ಅಕ್ಕಾರ? ಕೇಳಸ್ತೈತೇನ್ರಿ?"

"ನಾ ದಾದಾಸಾಹೇಬ ಮಾತಾಡೂದು ತಂಗಿ," ಎಂದ ಕೊನೆಗೆ. ಗಂಟಲು ಸರಿ ಮಾಡಿಕೊಂಡ. ಮತ್ತೆ ಸರಿ ಮಾಡಿಕೊಂಡ. "ಹೊಸಾವು ತರಾಕತ್ತೇವಿ. ಯಾರ ಕೈಲಿಂದೂ ಏರ್ಸಾಕ ಬರೂದಿಲ್ಲ, ಅಂಥಾವು. ಹುಡುಗಿ ಆರಾಮಾಗ್ಲಿ. ನಾ ಬಂದು ನೋಡ್ತೇನಿ."

ಹೇಳಿ ಮುಗಿಸಿ, ಯಾರ ಮುಖವನ್ನೂ ನೋಡದೆ ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡ. ಸಾರಿಕಾ ಅಲ್ಲೇ ನಿಂತು ಕೊಲ್ಲಾಪುರಕ್ಕೆ ಫೋನು ಹಚ್ಚಿದಳು. ಬೇಕಾದದ್ದು ಯಾವುದು ಎಂದು ಎರಡು ಸಲ ಹೇಳಿ, ವ್ಯಾಪಾರಿಯ ಬಾಯಿಂದ ಒಂದು ಸಲ ಹೇಳಿಸಿದಳು.

ಅಣ್ಣಾಸಾಬ ಪ್ರಸಾದ ಕೊಟ್ಟ. ಅವಳು ಎರಡೂ ಕೈ ಒಡ್ಡಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು.

"ಈಗರೆ ಸಿಟ್ಟು ಇಳೀತೇನವಾ?" ಎಂದಳು ಕಾಳವ್ವ ಮೆಲ್ಲಗೆ.

"ಇಲ್ಲ ಅತ್ತಿ. ಸಾಮಾನು ಬಂದು ಟ್ಯಾಂಕಿಗಿ ಕೂಡೂ ತನಕ ಇರ್ಲಿ ಅದು," ಎಂದು ಸಾರಿಕಾ ದೇವರಿಗೆ ಅಡ್ಡಬಿದ್ದಳು.